ರಜೆ ಬಂತು, ಬಾಗಿಲು ಹಾಕಿದೆ

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರೆ ಎಲ್ಲದರಲ್ಲೂ ಒಂದೇ ಉಸಿರು. 2021ರ ಬೇಸಿಗೆ ರಜೆ, ಹೊರಗೆ ಕೊರೊನಾ, ಒಳಗೆ ಮಕ್ಕಳು. ನಾನು ಒಂದರಿಂದ ನಾಲ್ಕನೇ ಕ್ಲಾಸಿನವರೆಗಿನ ಮಕ್ಕಳಿಗೆ 31 ವರ್ಷ ಪಾಠ ಹೇಳಿದವಳು. ಈಗ ನಿವೃತ್ತಿ. ಆದರೆ ಮನೆಯಲ್ಲಿ ಐದು ವರ್ಷದ ಮೊಮ್ಮಗ, ಹತ್ತು ವರ್ಷದ ಮೊಮ್ಮಗಳು ಇದ್ದಾರೆ. ಹಾಗಾಗಿ ನಿವೃತ್ತಿ ಅನ್ನೋದು ಹೆಸರಿಗೆ ಮಾತ್ರ. ಕಳೆದ ವರ್ಷದ ರಜೆಯನ್ನೂ ಹೀಗೇ ಕಳೆದೆವು. ಅಲ್ಲಿ ತಿಂದ ಪೆಟ್ಟುಗಳೇ ಈ ಸಲದ ಉತ್ತರಗಳು.

ಟೀಚರ್, ನನಗೆ ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು. ಬೆಳಗ್ಗೆ ಎದ್ದಾಗಿನಿಂದ “ಅಮ್ಮಾ, ಈಗೇನು ಮಾಡ್ಲಿ?” ಶುರು. ಮೊಬೈಲಿನಲ್ಲಿ ನೋಡಿ ಏನಾದರೂ ಕ್ರಾಫ್ಟ್ ಮಾಡಿಸುತ್ತೇನೆ. ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅಂಟು, ಚೂರುಪಾರು ತೆಗೆಯಲು ನನಗೆ ಒಂದು ಗಂಟೆ. ಇಡೀ ದಿನಕ್ಕೆ ಒಂದು ಟೈಮ್ ಟೇಬಲ್ ಹಾಕಿಕೊಡುತ್ತೀರಾ?
— ಇಬ್ಬರು ಮಕ್ಕಳ ತಾಯಿ

ಹಾಕಿಕೊಡಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

2020ರಲ್ಲಿ ಶಾಲೆ ಮುಚ್ಚಿದ ವಾರವೇ ನಾನು ದೊಡ್ಡ ಡ್ರಾಯಿಂಗ್ ಹಾಳೆ ತಂದು ಟೈಮ್ ಟೇಬಲ್ ಬರೆದೆ. ಐದು ಬಣ್ಣದ ಪೆನ್ನಿನಲ್ಲಿ. 9ಕ್ಕೆ ಲೆಕ್ಕ, 10ಕ್ಕೆ ಕಥೆ, 10.30ಕ್ಕೆ ಚಿತ್ರ, ಹೀಗೆ ಸಂಜೆ 6ರವರೆಗೆ. 31 ವರ್ಷದ ಅನುಭವ, ಸುಮ್ನೆ ಅಲ್ಲ! ಮೊದಲ ದಿನ ಮಕ್ಕಳಿಗೆ ಖುಷಿಯೋ ಖುಷಿ. ಎರಡನೇ ದಿನ ಚೌಕಾಸಿ ಶುರುವಾಯಿತು. ಮೂರನೇ ದಿನ ನೋಡುತ್ತೇನೆ, ಗೋಡೆಯ ಮೇಲೆ ಹಾಳೆಯೇ ಇಲ್ಲ. ಊಟದ ಮೇಜಿನ ಕೆಳಗೆ ಇಬ್ಬರೂ ಒಂದು ಮನೆ ಕಟ್ಟಿದ್ದರು. ಸುತ್ತ ಹಳೇ ಬೆಡ್‌ಶೀಟಿನ ಗೋಡೆ. ನನ್ನ ಟೈಮ್ ಟೇಬಲ್ ಆ ಮನೆಯ ಬಾಗಿಲು. ನಾನು ಬರೆದಿದ್ದು ಮೂರು ದಿನ ಬಾಳಿತು, ಆ ಮನೆ ಹನ್ನೊಂದು ದಿನ ಬಾಳಿತು. ಒಳಗೆ ಅಂಚೆಪೆಟ್ಟಿಗೆ ಇತ್ತು, ಡಾಕ್ಟರ್ ಇದ್ದರು, ಬಾಡಿಗೆ ವಿಷಯಕ್ಕೆ ಒಂದು ದೊಡ್ಡ ಜಗಳವೂ ಆಯಿತು.

ಆಮೇಲೆ ನಾನು ದಿನಕ್ಕೆ ಮೂರೇ ಗೂಟ ಹೊಡೆದೆ. ಬೆಳಗ್ಗೆ ಏಳುವ ಹೊತ್ತು. ಬಿಸಿಲು ಏರುವ ಮೊದಲು ಮೈ ಬೆವರುವ ಹಾಗೆ ಒಂದಿಷ್ಟು ಕುಣಿತ, ಓಟ. ರಾತ್ರಿ ಮಲಗುವ ಮುಂಚೆ ಕಥೆ. ಈ ಮೂರು ಅಲುಗಾಡುವುದಿಲ್ಲ. ನಡುವಿನ ಹೊತ್ತು ಅವರದು. “ಈಗೇನು ಮಾಡ್ಲಿ?” ಅಂದರೆ ನನ್ನ ಉತ್ತರ “ನನಗೂ ಗೊತ್ತಿಲ್ಲ ಮಗಾ”. ಮೊದಲ ಎರಡು ದಿನ ಗೋಳಾಡುತ್ತಾರೆ. ನೀವು ಕರಗಬೇಡಿ. ಬೇಜಾರು ಬಲಿತ ಮೇಲೆಯೇ ಆಟ ಹುಟ್ಟುವುದು.

ಇನ್ನು ಕ್ರಾಫ್ಟ್ ವಿಷಯ. ವಿಡಿಯೋದಲ್ಲಿ ತೋರಿಸುವ ಚಿಟ್ಟೆ, ಹೂವು ಎಲ್ಲ ಬೇಗ ಮುಗಿಯುವ ಕೆಲಸಗಳು. ಮುಗಿದ ಮೇಲೆ ಹೇಗಿರಬೇಕು ಅಂತ ಮೊದಲೇ ಗೊತ್ತಿದ್ದರೆ ಮಗುವಿಗೆ ಅದರಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ. ಬೇಗ ಮುಗಿಯದ ಕೆಲಸ ಕೊಡಿ. ನಮ್ಮಲ್ಲಿ ನಡೆದ ಎರಡನ್ನು ಹೇಳುತ್ತೇನೆ.

ಒಂದು, ಬೀಗದಕೈ. ಪ್ರತಿ ಮನೆಯಲ್ಲೂ ಯಾವುದಕ್ಕೆ ಅಂತ ಗೊತ್ತಿಲ್ಲದ ಹಳೇ ಬೀಗದಕೈಗಳು ಒಂದು ಡಬ್ಬಿಯಲ್ಲಿ ಬಿದ್ದಿರುತ್ತವೆ, ಅಲ್ವಾ? ನಮ್ಮಲ್ಲಿ 17 ಇದ್ದವು. ಡಬ್ಬಿಯನ್ನು ಮೊಮ್ಮಗನ ಕೈಗೆ ಕೊಟ್ಟು “ಇವು ಯಾವ್ಯಾವ ಬೀಗದವು ಕಂಡುಹಿಡಿ” ಅಂದೆ. ಮೂರು ದಿನ ಮನೆಯ ಒಂದೊಂದು ಬೀಗಕ್ಕೂ ತಿರುವಿ ತಿರುವಿ ನೋಡಿದ. ಅಕ್ಕ ಒಂದು ಪಟ್ಟಿ ಬರೆದು ಸರಿ ತಪ್ಪು ಗುರುತು ಹಾಕಿದಳು. ಕೊನೆಗೆ ನಾಲ್ಕು ಹೊಂದಿದವು. ಒಂದು, ವರ್ಷದಿಂದ ತೆಗೆಯಲಾಗದೆ ಬಿಟ್ಟಿದ್ದ ಪೆಟ್ಟಿಗೆಯದು. ಒಳಗಿದ್ದದ್ದು ಇನ್ನೂ ಎರಡು ಬೀಗದಕೈ!

ಇನ್ನೊಂದು, ನೆರಳು. ಬಿಸಿಲು ಬೀಳುವ ಕಡೆ ಒಂದು ಹಾಳೆ ಇಟ್ಟು, ಜೇಡಿಮಣ್ಣಿನ ಮುದ್ದೆಯಲ್ಲಿ ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ. ಗಂಟೆಗೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಟ್ಟು ಪಕ್ಕದಲ್ಲಿ ಹೊತ್ತು ಬರೆಯಲಿ. ಮರುದಿನ ಗಡಿಯಾರ ನೋಡದೆ ಗಂಟೆ ಹೇಳಬಹುದು. ನಮ್ಮಲ್ಲಿ ಮರುದಿನ ಎಲ್ಲ ತಪ್ಪಾಯಿತು. ಯಾಕೆಂದರೆ ಪುಣ್ಯಾತ್ಮ ತಮ್ಮ ರಾತ್ರಿ ಹಾಳೆಯನ್ನು ತಿರುಗಿಸಿಟ್ಟಿದ್ದ. ಕೂಗಾಟ, ಅಳು. ಆಮೇಲೆ ಹಾಳೆ ಬೇಡ ಅಂತ ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಐದನೇ ದಿನ ಮೊಮ್ಮಗಳು ಬಂದು “ಅಜ್ಜಿ, ನೆರಳು ಎಲ್ಲಕ್ಕಿಂತ ಚಿಕ್ಕದಾಗೋದು 12 ಗಂಟೆಗಲ್ಲ, ಆಮೇಲೆ” ಅಂದಳು. ಗಡಿಯಾರ ತಪ್ಪಾ, ಸೂರ್ಯ ತಪ್ಪಾ ಅಂತ ಅವಳ ಪ್ರಶ್ನೆ. ಇಬ್ಬರದೂ ತಪ್ಪಿಲ್ಲ. ಬಹಳ ಊರುಗಳಿಗೆ ಸೇರಿಸಿ ಒಂದೇ ಗಡಿಯಾರ ಇಟ್ಟುಕೊಂಡಿದ್ದೇವೆ. ಸೂರ್ಯ ಮಾತ್ರ ಒಂದೊಂದು ಊರಿನ ನೆತ್ತಿಗೆ ಒಂದೊಂದು ಹೊತ್ತಿಗೆ ಬರುತ್ತಾನೆ. ಇದನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಹೇಳಿದ್ದೇನೆ. ಯಾವ ಮಗುವೂ ಹೀಗೆ ನನ್ನ ಸೆರಗು ಹಿಡಿದು ಎಳೆದು ಕೇಳಿರಲಿಲ್ಲ.

ನಡುವೆ ಒಂದು ಮಾತು. 1665ರಲ್ಲಿ ಪ್ಲೇಗ್ ಬಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುಚ್ಚಿದಾಗ ನ್ಯೂಟನ್ ತನ್ನ ಹಳ್ಳಿ ಮನೆಗೆ ಹೋಗಿ ಗಣಿತ, ಬೆಳಕು ಅಂತ ಏನೆಲ್ಲ ಕಂಡುಹಿಡಿದ ಅನ್ನುವ ಮೆಸೇಜು ಎಲ್ಲರ ಫೋನಿಗೂ ಬಂದಿದೆ. ಕಥೆ ನಿಜವೇ. ಆದರೆ ದಯವಿಟ್ಟು ಅದನ್ನು ಮಕ್ಕಳ ಮುಂದೆ ಓದಬೇಡಿ. ಅವನಿಗೆ ಆಗ 22 ವರ್ಷ, ಡಿಗ್ರಿ ಮುಗಿಸಿದ್ದವನು. ನಿಮ್ಮ ಮಗನಿಗೆ ಆರು. ಹೇಳಲೇಬೇಕು ಅನಿಸಿದರೆ ಇದನ್ನು ಹೇಳಿ: ಚಿಕ್ಕ ಹುಡುಗನಾಗಿದ್ದಾಗ ನ್ಯೂಟನ್ನನಿಗೂ ನೆರಳು ನೋಡಿ ಗಂಟೆ ಹೇಳುವ ಹುಚ್ಚು ಇತ್ತು.

ನಾನೂ ಹೆಂಡತಿಯೂ ಮನೆಯಿಂದಲೇ ಕೆಲಸ ಮಾಡುತ್ತೇವೆ. ನಾಲ್ಕು ವರ್ಷದ ಮಗ ಸರಿಯಾಗಿ ಮೀಟಿಂಗ್ ಹೊತ್ತಿಗೇ ಬಾಗಿಲು ಬಡಿಯುತ್ತಾನೆ. ಬೈದರೆ ಅಳುತ್ತಾನೆ, ಬಿಟ್ಟರೆ ಕೀಬೋರ್ಡ್ ಮೇಲೆ ಕೂರುತ್ತಾನೆ. ಏನು ಮಾಡೋಣ?
— ಒಬ್ಬ ತಂದೆ

ನಮ್ಮ ಅಳಿಯನ ಮೀಟಿಂಗಿಗೆ ಮೊಮ್ಮಗ ಚಡ್ಡಿ ಇಲ್ಲದೆ ಹೋಗಿ ಎಲ್ಲರಿಗೂ ಟಾಟಾ ಮಾಡಿ ಬಂದಿದ್ದಾನೆ. ಹಾಗಾಗಿ ನಿಮ್ಮ ಕಷ್ಟ ಗೊತ್ತು.

ನಾವು ಸಾಮಾನ್ಯವಾಗಿ ಮಾಡುವುದು ಏನು? ಮೊದಲು ಕೆಲಸ ಮುಗಿಸುತ್ತೇವೆ, ಆಮೇಲೆ ಮಗುವಿನ ಜೊತೆ ಆಡುತ್ತೇವೆ. ಅದನ್ನು ತಿರುಗಿಸಿ. ಮೀಟಿಂಗಿಗೆ ಮುಂಚೆ ಹತ್ತು ನಿಮಿಷ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ಅವನ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಆಟ ಅವನು ಹೇಳಿದ್ದೇ ಆಗಲಿ. ಹೊಟ್ಟೆ ತುಂಬಿದ ಮಗು ಅಡುಗೆಮನೆಗೆ ಬರುವುದು ಕಡಿಮೆ ತಾನೇ? ಇದೂ ಹಾಗೇ.

ಬಾಗಿಲಿಗೆ ಒಂದು ಕಡೆ ಕೆಂಪು, ಒಂದು ಕಡೆ ಹಸಿರು ಇರುವ ರಟ್ಟು ನೇತುಹಾಕಿ. ಬಣ್ಣ ಅವನೇ ಬಳಿಯಲಿ, ತಿರುಗಿಸುವ ಕೆಲಸವೂ ಅವನದೇ. ಆದರೆ ಒಂದು ಎಚ್ಚರ. ಮೀಟಿಂಗ್ ಮುಗಿದ ಕೂಡಲೇ ನೀವು ಹೊರಗೆ ಬಂದು “ಹಸಿರು ಮಾಡಪ್ಪಾ” ಅನ್ನಬೇಕು. ನಮ್ಮಲ್ಲಿ ಕೆಂಪು ಇಡೀ ದಿನ ನೇತಾಡುತ್ತಿತ್ತು. ನಾಲ್ಕನೇ ದಿನಕ್ಕೆ ಅದು ಬಾಗಿಲಿನ ಅಲಂಕಾರವಾಯಿತು. ಚಡ್ಡಿ ಪ್ರಸಂಗ ನಡೆದದ್ದು ಅವತ್ತೇ.

ಮತ್ತೆ, ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಐದು ನಿಮಿಷ ಕೂತು ಯಾರ ಮೀಟಿಂಗ್ ಯಾವಾಗ ಅಂತ ಹಂಚಿಕೊಳ್ಳಿ. “ಹೆಂಡತಿಯೂ ಕೆಲಸ ಮಾಡುತ್ತಾಳೆ” ಅಂತ ಬರೆದಿದ್ದೀರಿ, ಸಂತೋಷ. ಮಗು ಯಾವ ಬಾಗಿಲನ್ನು ಜಾಸ್ತಿ ಬಡಿಯುತ್ತದೆ ಅಂತ ಒಂದು ವಾರ ಎಣಿಸಿ ನೋಡಿ. ನನಗೆ ಅನುಮಾನ ಇದೆ.

ವರ್ಷವೆಲ್ಲ ಆನ್‌ಲೈನ್ ಕ್ಲಾಸ್ ಆಯಿತು. ಈಗ ರಜೆಗೆ ಆನ್‌ಲೈನ್ ಬೇಸಿಗೆ ಶಿಬಿರದ ಜಾಹೀರಾತುಗಳು ಬರುತ್ತಿವೆ. ಸೇರಿಸದಿದ್ದರೆ ಎಂಟು ವರ್ಷದ ಮಗಳು ಹಿಂದೆ ಬೀಳುತ್ತಾಳೇನೋ ಅಂತ ಭಯ. ಸೇರಿಸಿದರೆ ಕಣ್ಣಿನ ಭಯ.
— ಗೊಂದಲದಲ್ಲಿರುವ ಅಮ್ಮ

ಹಿಂದೆ ಬೀಳುವುದು ಯಾರಿಗಿಂತ? ನಮ್ಮ ಸುತ್ತಲಿನ ಮಕ್ಕಳೆಲ್ಲ ಮನೆಯಲ್ಲೇ ಇದ್ದಾರಲ್ಲ.

1937ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪೋಲಿಯೋ ಹರಡಿ, ಬೇಸಿಗೆ ರಜೆ ಮುಗಿದರೂ ಶಾಲೆಗಳು ತೆರೆಯಲಿಲ್ಲ. ಅವರು ರೇಡಿಯೋದಲ್ಲಿ ಪಾಠ ಮಾಡಿದರು. ಯಾವ ಪಾಠ ಯಾವಾಗ ಅಂತ ಪತ್ರಿಕೆಗಳಲ್ಲಿ ಮೊದಲೇ ಅಚ್ಚಾಗುತ್ತಿತ್ತು. ಒಂದೊಂದು ಪಾಠ ಎಷ್ಟು ಹೊತ್ತು ಗೊತ್ತಾ? 15 ನಿಮಿಷ. ಮೂರು ವಾರ ಹಾಗೆ ನಡೆಯಿತು. ಇದನ್ನು ಓದಿದಾಗ ಮೇಷ್ಟರ ಬುದ್ಧಿ ಇದ್ದವರು ಯಾರೋ ಅಲ್ಲಿದ್ದರು ಅನಿಸಿತು. ಮುಖ ಕಾಣದ ಪಾಠವನ್ನು ಮಗು ಅದಕ್ಕಿಂತ ಜಾಸ್ತಿ ಹೊತ್ತು ಹೊರಲಾರದು.

ಆದ್ದರಿಂದ ಎರಡು ಗಂಟೆ ಕೂರಿಸುವ ಶಿಬಿರ ಬೇಡ. ಮಗಳಿಗೇ ಆಸೆಯಿದ್ದರೆ ಒಂದೇ ಒಂದು ಆರಿಸಿಕೊಳ್ಳಲಿ. ನೋಡುತ್ತಾ ಕೂರುವುದಲ್ಲ, ಕೈಯಲ್ಲಿ ಮಾಡುವಂಥದ್ದು. ವಾರಕ್ಕೆ ಎರಡು ಮೂರು ದಿನ ಸಾಕು. ಕಣ್ಣಿಗೆ ಹಳೇ ಲೆಕ್ಕವೇ ಇದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ಏನನ್ನಾದರೂ, 20 ಸೆಕೆಂಡು ನೋಡುವುದು. ಕಿಟಕಿಯಿಂದ ಕಾಣುವ ಒಂದು ಮರವನ್ನು “ನಿನ್ನ ಮರ” ಅಂತ ಗೊತ್ತುಮಾಡಿ. ಆ ಮರದಲ್ಲಿ ಇವತ್ತು ಹೊಸದೇನು ಅಂತ ಹೇಳಲಿ. ಮೊಮ್ಮಗಳ ಮರದಲ್ಲಿ ಒಂದು ಗೂಡು ಕಂಡಿತು. ಆಮೇಲೆ ಅವಳಿಗೆ ನೆನಪು ಮಾಡುವುದೇ ಬೇಕಾಗಲಿಲ್ಲ. ಕ್ಲಾಸಿನ ಮಧ್ಯೆ ಜಾಸ್ತಿ ಹೊತ್ತು ಮರವನ್ನೇ ನೋಡುತ್ತಾಳೆ ಅಂತ ದೂರು ಬಂತು.

ವಿಶ್ವ ಆರೋಗ್ಯ ಸಂಸ್ಥೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು ಅಂತ 2019ರಲ್ಲೇ ಹೇಳಿದೆ. ಐದು ದಾಟಿದವರಿಗೆ ಅದು ಹೇಳುವುದು ಇನ್ನೊಂದು ಲೆಕ್ಕ: ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವ ಹಾಗೆ ಮೈ ಆಡಿಸಬೇಕು. ನಾನು ಎರಡನೆಯ ಲೆಕ್ಕವನ್ನು ಮೊದಲು ಹಿಡಿಯುತ್ತೇನೆ. ಮೈ ದಣಿದ ಮಗು ಪರದೆಗಾಗಿ ಹಟ ಮಾಡುವುದು ತಾನಾಗಿ ಕಡಿಮೆಯಾಗುತ್ತದೆ. ಜಾಗ ಇಲ್ಲ ಅನ್ನಬೇಡಿ. ನೆಲದ ಮೇಲೆ ದಿಂಬುಗಳನ್ನಿಟ್ಟು “ನೆಲಕ್ಕೆಲ್ಲ ನೀರು ಬಂದಿದೆ, ಕಾಲು ತಾಗಿಸದೆ ದಾಟಿ” ಅನ್ನಿ. ಒಂದು ಕೋಣೆ ಧಾರಾಳ ಸಾಕು.

ಏಳು ವರ್ಷದ ಮಗ ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಾನೋ ಲೆಕ್ಕವಿಲ್ಲ. ಚರ್ಮ ಒಡೆದಿದೆ. ಮಲಗುವಾಗ “ಅಜ್ಜಿ ಸತ್ತುಹೋಗ್ತಾರಾ?” ಅಂತ ಕೇಳುತ್ತಾನೆ. ಅಜ್ಜಿ ಬೇರೆ ಊರಿನಲ್ಲಿದ್ದಾರೆ. ಆಟದಲ್ಲಿ ಮನಸ್ಸೇ ಇಲ್ಲ. ಹೇಗೆ ಅವನ ಗಮನ ಬೇರೆ ಕಡೆ ತಿರುಗಿಸಲಿ?
— ಹೆಸರು ಬೇಡ

ತಿರುಗಿಸಬೇಡಿ ತಾಯಿ. ಮೊದಲು ಕೇಳಿಸಿಕೊಳ್ಳಿ. “ನೀನು ಏನು ಕೇಳಿದ್ದೀಯ? ಯಾರು ಹೇಳಿದರು?” ಅಂತ ಕೇಳಿ ಸುಮ್ಮನಾಗಿ. ನನ್ನ ಮೊಮ್ಮಗಳು ಟಿವಿಯಲ್ಲಿ ತೋರಿಸುವ ಮುಳ್ಳುಮುಳ್ಳಿನ ಕೆಂಪು ಚೆಂಡು ನಿಜವಾಗಿಯೂ ಅಷ್ಟೇ ದೊಡ್ಡದಾಗಿ ಬಾಗಿಲಿನ ಹಿಡಿಯ ಮೇಲೆ ಕೂತಿರುತ್ತೆ ಅಂದುಕೊಂಡಿದ್ದಳು. ಹತ್ತು ವರ್ಷದ ಜಾಣೆ! ಒಂದು ಚಿತ್ರ ಬರಿ ಅಂದಾಗ ನಮಗೆ ಗೊತ್ತಾಯಿತು. ಆ ಚೆಂಡಿಗೆ ಕಣ್ಣು, ಹಲ್ಲು ಎಲ್ಲ ಇದ್ದವು. ಸ್ಕೇಲ್ ತಂದು ಒಂದು ಮಿಲಿಮೀಟರ್ ತೋರಿಸಿ, ಇಷ್ಟರಲ್ಲಿ ಸುಮಾರು 10,000 ವೈರಸ್‌ಗಳು ಸಾಲಾಗಿ ಕೂರಬಹುದು ಅಂದೆ. ಅದರ ಮೈಮೇಲೆ ಒಂದು ಜಿಡ್ಡಿನ ಪದರ ಇದೆ, ಸೋಪು ಆ ಜಿಡ್ಡನ್ನು ಒಡೆಯುತ್ತದೆ, ಜಿಡ್ಡು ಹೋದರೆ ಅದರ ಕಥೆ ಮುಗಿಯಿತು ಅಂದೆ. ಆಮೇಲೆ ಅವಳು ಬರೆದ ಚಿತ್ರದಲ್ಲಿ ಹಲ್ಲು ಇರಲಿಲ್ಲ.

ಕೈ ತೊಳೆಯುವುದಕ್ಕೆ ಒಂದು ಮಿತಿ ಕೊಡಿ. 20 ಸೆಕೆಂಡು ಎಣಿಸುವುದು, ಒರೆಸುವುದು, “ಆಯ್ತು” ಅನ್ನುವುದು. ಹೊರಗಿನಿಂದ ಬಂದಾಗ, ಊಟಕ್ಕೆ ಮುಂಚೆ, ಶೌಚಾಲಯಕ್ಕೆ ಹೋದ ಮೇಲೆ, ಸೀನಿದಾಗ. ಬೇರೆ ಹೊತ್ತಿಗೆ ಬೇಡ ಅಂತ ನೀವೇ ಹೇಳಿ. ದೊಡ್ಡವರು ಗಟ್ಟಿಯಾಗಿ “ಸಾಕು” ಅಂದರೆ ಮಕ್ಕಳಿಗೆ ಎಷ್ಟು ನಿರಾಳ ಗೊತ್ತಾ? ಸುದ್ದಿ ಚಾನೆಲ್ಲನ್ನು ಅವನು ಮಲಗಿದ ಮೇಲೆ ನೋಡಿ.

ಅಜ್ಜಿಯ ಪ್ರಶ್ನೆಗೆ “ಏನೂ ಆಗಲ್ಲ ಬಿಡು” ಅನ್ನಬೇಡಿ. ಅದು ನಿಮ್ಮ ಕೈಯಲ್ಲಿಲ್ಲ, ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. “ಈಗ ಅಜ್ಜಿ ಚೆನ್ನಾಗಿದ್ದಾರೆ. ಹುಷಾರಾಗಿರಲು ಅವರು ಇಂತಿಂಥದ್ದು ಮಾಡ್ತಿದ್ದಾರೆ. ಏನಾದರೂ ಆದರೆ ನಿನ್ನಿಂದ ಮುಚ್ಚಿಡಲ್ಲ, ನಾನೇ ಹೇಳ್ತೀನಿ” ಅನ್ನಿ. ಮತ್ತೆ ಅಜ್ಜಿಗೂ ಅವನಿಗೂ ಒಂದು ಕೆಲಸ ಹಚ್ಚಿ. ನಾನು ನನ್ನ ಅಕ್ಕನ ಮೊಮ್ಮಗನ ಜೊತೆ ಫೋನಿನಲ್ಲಿ ಕಥೆ ಕಟ್ಟುತ್ತೇನೆ. ದಿನಕ್ಕೆ ನಾನು ಎರಡು ವಾಕ್ಯ, ಅವನು ಎರಡು. ಇವತ್ತಿಗೆ 40 ದಿನ ಆಯಿತು. ನಮ್ಮ ರಾಜನಿಗೆ ಮೂರು ಸಲ ಕಾಲು ಮುರಿದಿದೆ, ಮೂರು ಸಲವೂ ಆ ಹುಡುಗನೇ ಮುರಿದದ್ದು. ನಾಳೆ ಏನಾಗುತ್ತೆ ಅಂತ ಕಾಯುವ ಮಗುವಿಗೆ ರಾತ್ರಿ ಸ್ವಲ್ಪ ಹಗುರ.

ಇಷ್ಟೆಲ್ಲ ಮಾಡಿ ಎರಡು ವಾರ ಕಳೆದರೂ ಹಾಗೇ ಇದ್ದರೆ, ನಿದ್ದೆ ಊಟ ಬಿಟ್ಟರೆ, ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ಕಾಯಬೇಡಿ. ಒಡೆದ ಕೈಗೆ ಏನು ಹಚ್ಚಬೇಕು ಅಂತಲೂ ಅವರೇ ಹೇಳುತ್ತಾರೆ.

ಹದಿನೈದರ ಮಗಳು 12 ಗಂಟೆಗೆ ಏಳುತ್ತಾಳೆ. ಬಾಗಿಲು ಹಾಕಿಕೊಂಡು ಗೆಳತಿಯರ ಜೊತೆ ಮಾತು. ಇದೆಂಥ ರಜೆ?
— ಸಿಟ್ಟಿನಲ್ಲಿರುವ ಅಪ್ಪ

ಅವಳ ರಜೆ ಸ್ವಾಮಿ, ನಿಮ್ಮದಲ್ಲ. ಆ ವಯಸ್ಸಿಗೆ ಮೈಯೊಳಗಿನ ಗಡಿಯಾರವೇ ತಡವಾಗಿ ಓಡುತ್ತದೆ. ನಿದ್ದೆ 8ರಿಂದ 10 ಗಂಟೆ ಬೇಕು. 12ನ್ನು 10ಕ್ಕೆ ಇಳಿಸಲು ಮಾತಾಡಿ ಒಪ್ಪಿಸಿ, ಆರಕ್ಕೆ ಎಬ್ಬಿಸಲು ಹೋಗಬೇಡಿ. ಗೆಳತಿಯರು ಈಗ ಅವಳಿಗೆ ಸಿಗುವುದು ಆ ಫೋನಿನಲ್ಲಿ ಮಾತ್ರ. ಅದನ್ನು ಕಿತ್ತುಕೊಳ್ಳಬೇಡಿ. ಬದಲಿಗೆ ಮನೆಯ ಒಂದು ನಿಜವಾದ ಜವಾಬ್ದಾರಿ ಕೊಡಿ. ಇಡೀ ಮನೆಯ ತಿಂಗಳ ಸಾಮಾನಿನ ಪಟ್ಟಿ, ಅದರ ಲೆಕ್ಕ, ಪೂರ್ತಿ ಅವಳದು. ತಪ್ಪಾದರೆ ಆ ತಿಂಗಳು ಟೂತ್‌ಪೇಸ್ಟ್ ಇರುವುದಿಲ್ಲ, ಅಷ್ಟೇ ತಾನೇ.

ಮೂರು ವರ್ಷದ ಮಗು ಮಾಸ್ಕ್ ಕಿತ್ತೆಸೆಯುತ್ತದೆ. ಹೇಗೆ ಅಭ್ಯಾಸ ಮಾಡಿಸಲಿ?
— ಹೊಸ ಅಮ್ಮ

ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಮಾಸ್ಕ್ ಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲಿ ಹೇಳಿವೆ. ಜನ ಸೇರುವ ಕಡೆಗೆ ಕರೆದೊಯ್ಯಬೇಡಿ, ನೀವು ಹಾಕಿಕೊಳ್ಳಿ. ಗೊಂಬೆಗೆ ಒಂದು ಹೊಲಿದುಕೊಡಿ, ಅದು ಕಿತ್ತೆಸೆಯುವುದಿಲ್ಲ.

ಟೀಚರಜ್ಜಿ, ನನಗೆ 9 ವರ್ಷ. ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ. ಬೋರ್ ಅಂದರೆ ಅಮ್ಮ “ಬೋರ್ ಅನ್ನಬಾರದು” ಅಂತಾರೆ. ಬೋರ್ ಆದರೆ ಮತ್ತೇನು ಅನ್ನಬೇಕು? ನನ್ನ ಹತ್ತಿರ ಇರೋ ಆಟ ಎಲ್ಲಾ ಆಡಿ ಆಯ್ತು.
— ಒಬ್ಬಳೇ ಇರುವ ಹುಡುಗಿ

ಪುಟ್ಟಿ, ಬೋರ್ ಆದರೆ ಬೋರ್ ಅಂತಲೇ ಅನ್ನು. ಅಮ್ಮನಿಗೆ ನಾನು ಹೇಳಿದೆ ಅಂತ ಹೇಳು.

ನಿನಗೊಬ್ಬ ಟೀಚರ್ ಕಥೆ ಹೇಳಲಾ? ಅವರ ಹೆಸರು ಎಲೀನರ್ ಅಬಾಟ್. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದ್ದರು. 1948ರ ಹೊತ್ತಿಗೆ ಅವರಿಗೆ ಪೋಲಿಯೋ ಬಂದು ಆಸ್ಪತ್ರೆ ಸೇರಿದರು. ಆ ವಾರ್ಡಿನ ತುಂಬ ಪೋಲಿಯೋ ಬಂದ ಮಕ್ಕಳು. ಆಡಲು ಹೊರಗೆ ಹೋಗುವಂತಿಲ್ಲ, ನಿನ್ನ ಹಾಗೇ. ಅವರು ಆ ಮಕ್ಕಳಿಗಾಗಿ ಒಂದು ಬೋರ್ಡ್ ಆಟ ಕಂಡುಹಿಡಿದರು. ಮಿಠಾಯಿ ಊರಿನ ಮಧ್ಯೆ ಒಂದು ಅಂಕುಡೊಂಕು ದಾರಿ. ಬಣ್ಣದ ಚೀಟಿ ತೆಗೆದು, ಅದೇ ಬಣ್ಣದ ಮನೆಗೆ ಕಾಯಿ ನಡೆಸುವುದು. ಓದಲು ಬರದ ಚಿಕ್ಕ ಮಕ್ಕಳೂ ಆಡಬಹುದು. 1949ರಲ್ಲಿ ಒಂದು ಕಂಪನಿ ಅದನ್ನು ಅಚ್ಚು ಹಾಕಿ ಮಾರಿತು. ಕ್ಯಾಂಡಿಲ್ಯಾಂಡ್ ಅಂತ, ಈಗಲೂ ಸಿಗುತ್ತದೆ.

ಹಾಸಿಗೆಯಲ್ಲಿ ಮಲಗಿದವರು ನಡೆಯುವ ಆಟ ಮಾಡಿದರು ನೋಡು. ನೀನೂ ಒಂದು ಮಾಡು. ದೊಡ್ಡ ರಟ್ಟು ತಗೊಂಡು ಒಂದು ದಾರಿ ಬರಿ, 50 ಮನೆ ಇರಲಿ. ನೀನು ಈಗ ಹೋಗಲಾಗದ ಜಾಗಗಳನ್ನೆಲ್ಲ ಆ ದಾರಿಯಲ್ಲಿ ಇಡು. ಶಾಲೆ, ಗೆಳತಿಯ ಮನೆ, ಈಜುಕೊಳ. ಕೆಲವು ಮನೆಗಳಲ್ಲಿ ತೊಂದರೆ ಇರಬೇಕು. “ಮಾಸ್ಕ್ ಮರೆತೆ, ಮೂರು ಮನೆ ಹಿಂದೆ ಹೋಗು”, ಹೀಗೆ. ನನ್ನ ಮೊಮ್ಮಗಳು ಮಾಡಿದ ಆಟದಲ್ಲಿ “ಅಜ್ಜಿ ಲೆಕ್ಕ ಕೇಳಿದರು, ಒಂದು ಸರದಿ ಕಳೆದುಕೊ” ಅಂತ ಇದೆ! ಕಾಯಿಗೆ ಹಳೇ ಗುಂಡಿಗಳು ಆಗುತ್ತವೆ.

ಮೊದಲ ಸಲ ಆಡಿದಾಗ ಆಟ ಕೆಟ್ಟದಾಗಿರುತ್ತೆ. ತುಂಬ ಬೇಗ ಮುಗಿಯುತ್ತೆ, ಇಲ್ಲಾ ಮುಗಿಯುವುದೇ ಇಲ್ಲ. ನಮ್ಮದು ಒಂದೂವರೆ ಗಂಟೆ ನಡೆದು ತಮ್ಮ ರಟ್ಟಿನ ಮೇಲೇ ಮಲಗಿಬಿಟ್ಟ. ತೊಂದರೆ ಮನೆಗಳನ್ನು ಹನ್ನೊಂದರಿಂದ ಐದಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಅದಕ್ಕೇ ಮೊದಲು ಪೆನ್ಸಿಲಿನಲ್ಲಿ ಬರಿ. ಒಬ್ಬಳೇ ಇದ್ದೀಯಲ್ಲ, ಇಬ್ಬರ ಕಾಯಿಯನ್ನೂ ನೀನೇ ನಡೆಸಿ ಪರೀಕ್ಷೆ ಮಾಡು, ಮೋಸ ಮಾಡದೆ. ಸರಿಯಾದ ಮೇಲೆ ಅದೇ ಥರದ ಇನ್ನೊಂದು ರಟ್ಟನ್ನು ನಿನ್ನ ಗೆಳತಿ ಅವಳ ಮನೆಯಲ್ಲಿ ಬರೆದುಕೊಳ್ಳಲಿ. ಫೋನಿನಲ್ಲಿ ನೀನು ದಾಳ ಹಾಕು, ಅವಳೂ ಹಾಕಲಿ, ಇಬ್ಬರ ರಟ್ಟಿನಲ್ಲೂ ಎರಡೂ ಕಾಯಿ ನಡೆಯಲಿ.

ಸಂಜೆ ಅಮ್ಮನನ್ನೂ ಆಟಕ್ಕೆ ಕರಿ. ಅವರು ಸೋತರೆ ಇನ್ನೊಂದಾಟ ಅಂತ ಅವರೇ ಕೇಳುತ್ತಾರೆ. ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು. 49ನೇ ಮನೆಯಲ್ಲಿ ಏನಿಟ್ಟಿದ್ದೀಯ ಅಂತ ಮರೆಯದೆ ಬರಿ.